ಅಜ್ಜ ಹುಟ್ಟೇ ಇಲ್ಲ

ಭಟ್ಕಳ ತಾಲ್ಲೂಕಿನ ನಮ್ಮ ಜಾಲಿಯ ಹಿರಿಯರಿಗೆಲ್ಲ ಹುಟ್ಟುಹಬ್ಬದ ಶುಭಾಶಯ ಹೇಳಬೇಕಿದ್ದರೆ ಜೂನ್ 1ರಂದು ಪುರುಸೊತ್ತು ಮಾಡಿಕೊಳ್ಳಬೇಕು. ಅವತ್ತು ಅರ್ಧ ಊರೇ ಹುಟ್ಟಿದೆ. ಒಂದನೇ ಇಯತ್ತೆಗೆ ಹೆಸರು ಹಚ್ಚುವಾಗ ತಾರೀಕು ಕೇಳಿದರೆ ಅಪ್ಪಂದಿರು ಮಾಸ್ತರರ ಮುಖ ನೋಡುತ್ತಿದ್ದರು, ಮಾಸ್ತರರು ಕ್ಯಾಲೆಂಡರ್ ನೋಡುತ್ತಿದ್ದರು.

ಇಂಥ ಊರಲ್ಲಿ ಕೂತು ನಾನು ವಂಶವೃಕ್ಷ ಬರೆಯಲು ಹೊರಟೆ. ಅಜ್ಜನ ಜನನ ದಾಖಲೆಗೆ ಅರ್ಜಿ ಕೊಟ್ಟರೆ ಬಂದದ್ದು ಅಲಭ್ಯತಾ ಪ್ರಮಾಣಪತ್ರ. ನಮೂನೆ 10. ಇಂತಿಂಥ ವರ್ಷಗಳ ದಾಖಲೆ ಹುಡುಕಲಾಗಿ ಸದರಿ ವ್ಯಕ್ತಿಯ ಜನನ ಕಂಡುಬಂದಿಲ್ಲವೆಂದು ಸಹಿ, ಮೊಹರು. ಅಜ್ಜ ಹುಟ್ಟಿದ್ದಕ್ಕೆ ನಾನೊಬ್ಬನೇ ಸಾಕ್ಷಿ. ಹುಟ್ಟಿಲ್ಲ ಎನ್ನುವುದಕ್ಕೆ ಸರ್ಕಾರದ ಕಾಗದವೇ ಇದೆ.

ಯಾರನ್ನೂ ದೂರುವಂತಿಲ್ಲ. ಇಡೀ ದೇಶಕ್ಕೆ ಒಂದೇ ಎನ್ನುವಂಥ ಜನನ ಮರಣ ನೋಂದಣಿ ಕಾಯ್ದೆ ಆದದ್ದೇ 1969ರಲ್ಲಿ. ಅದಕ್ಕೂ ಹಿಂದೆ ನಮ್ಮ ಉತ್ತರ ಕನ್ನಡ ಜಿಲ್ಲೆ 1862ರವರೆಗೆ ಮದ್ರಾಸಿಗೆ, ಆಮೇಲೆ ಮುಂಬಯಿಗೆ, 1956ರಿಂದ ಮೈಸೂರಿಗೆ ಸೇರಿತ್ತು. ಭಟ್ಕಳವೇ ಒಂದು ಕಾಲಕ್ಕೆ ಹೊನ್ನಾವರ ತಾಲ್ಲೂಕಿನೊಳಗಿತ್ತು. ಅಜ್ಜ ಹಿತ್ತಲು ಬಿಟ್ಟು ಕದಲದಿದ್ದರೂ ಅವನ ತಾಲ್ಲೂಕು, ರಾಜ್ಯ ಎಲ್ಲ ಬದಲಾದವು.

ಇನ್ನು ದಾಖಲೆ ಸಿಕ್ಕರೂ ಸುಖವಿಲ್ಲ. ಹಳೆಯ ರಿಜಿಸ್ಟರಿನಲ್ಲಿ ಎಷ್ಟೋ ಕಡೆ ಹೆಸರಿನ ಕಲಂ ಖಾಲಿ. ‘ಗಂಡು, ತಂದೆ ಮಂಜಪ್ಪ’ ಎಂದಷ್ಟೇ ಇರುತ್ತದೆ. ನಮ್ಮಲ್ಲಿ ಮಂಜಪ್ಪನ ಮಗ ನಾಗಪ್ಪ, ನಾಗಪ್ಪನ ಮಗ ಮತ್ತೆ ಮಂಜಪ್ಪ. ಅಡ್ಡಹೆಸರು ಕೇಳಿದರೆ ಕೇರಿಗೆ ಕೇರಿಯೇ ನಾಯ್ಕ. ಜಾತಕ ಇದ್ದ ಮನೆಯವರೇ ಪುಣ್ಯವಂತರು ಅಂದುಕೊಂಡಿದ್ದೆ. ಅದರಲ್ಲಿ ನಕ್ಷತ್ರ, ಪಾದ, ಗಳಿಗೆಯವರೆಗೂ ಲೆಕ್ಕ ಚೊಕ್ಕ, ಆದರೆ ಸಂವತ್ಸರ ವಿಭವ. ವಿಭವ 1868ರಲ್ಲೂ ಬಂದಿತ್ತು, 1928ರಲ್ಲೂ ಬಂದಿತ್ತು. ಮುತ್ತಜ್ಜನದೋ ಮೊಮ್ಮಗನದೋ ನೀವೇ ಹೇಳಿ.

ಅಪ್ಪ ಹುಟ್ಟಿದ್ದು ಯಾವಾಗ ಎಂದು ದೊಡ್ಡಮ್ಮನನ್ನು ಕೇಳಿದೆ. “ಗಾಂಧಿ ಸತ್ತ ಮಳೆಗಾಲ ಅಲ್ಲ ತಮಾ, ಅದ್ರ ಮುಂದಿಂದು” ಎಂದಳು. ಇಲ್ಲಿಯವರೆಗೆ ಸಿಕ್ಕವುಗಳಲ್ಲಿ ಇದೇ ಖಚಿತ ದಾಖಲೆ: 1949.

ಕ್ರಿಸ್ತುವರ ಪುಣ್ಯವೇ ಬೇರೆ. ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆ 1563ರಲ್ಲೇ ಮದುವೆ, ಜ್ಞಾನಸ್ನಾನದ ಪುಸ್ತಕ ಇಡಿ ಎಂದು ಪಾದ್ರಿಗಳಿಗೆ ಕಟ್ಟುಮಾಡಿತ್ತು. ಮುಸ್ಲಿಮರಲ್ಲಿ ಖಾಜಿಗಳ ನಿಕಾಹ್ ಪುಸ್ತಕವಿದೆ. ವಧುವಿಗೆ ಕೊಡುವ ಮಹರ್ ಎಷ್ಟು ಎಂಬುದೂ ಅದರಲ್ಲಿರುತ್ತದೆ.

ದುಡ್ಡು, ಜಮೀನು ಅಂದ ಕೂಡಲೇ ಮನುಷ್ಯನಿಗೆ ಬರವಣಿಗೆ ನೆನಪಾಗುತ್ತದೆ. ಮುತ್ತಜ್ಜ ಸತ್ತದ್ದು ಕೊನೆಗೆ ಸಿಕ್ಕಿದ್ದು ತೆಂಗಿನ ಹಿತ್ತಲಿನ ವಾರಸಾ ನೋಂದಣಿಯಲ್ಲಿ. ತೀರಿಕೊಂಡ ತಾರೀಕು, ಹೆಂಡತಿ, ಗಂಡುಮಕ್ಕಳು ಎಲ್ಲ ಸಾಲಾಗಿ ನಿಂತಿದ್ದರು. ಹುಟ್ಟಿದ್ದನ್ನು ಬರೆಸದವರು ಹಿತ್ತಲಿನ ಪಾಲನ್ನು ಮರೆತಿರಲಿಲ್ಲ. ಅಪ್ಪನ ಮದುವೆಯ ತಾರೀಕು ಹೇಳಿದ್ದು ಮುಯ್ಯಿ ಪಟ್ಟಿ. ಸೋದರಮಾವ ಹಾಕಿದ್ದು ಎರಡು ರೂಪಾಯಿ ಎಂಬುದು ಕೆಂಪು ಶಾಯಿಯಲ್ಲಿದೆ. ವಧುವಿನ ಹೆಸರು ಮಾತ್ರ ಎಲ್ಲೂ ಇಲ್ಲ.

ಈಗ ಆಸ್ಪತ್ರೆಯಿಂದಲೇ ಜನನ ನೋಂದಣಿಗೆ ಹೋಗುತ್ತದೆ. ಆದರೆ ಹೆಸರಿಡುವ ಮೊದಲೇ ಹೋಗುವುದರಿಂದ ಆ ಕಲಂ ಈಗಲೂ ಖಾಲಿ ಉಳಿಯುವುದುಂಟು. ಹೆಸರು ಸೇರಿಸಲು 15 ವರ್ಷ ಅವಕಾಶವಿದೆ. ತೊಟ್ಟಿಲು ಶಾಸ್ತ್ರ ಮುಗಿಸಿದವರು ಆ ಹೆಸರನ್ನು ರಿಜಿಸ್ಟರಿಗೂ ಒಮ್ಮೆ ಹೇಳಿ ಬನ್ನಿ. ಅಟ್ಟದ ಮೇಲೆ ಮುಯ್ಯಿ ಪಟ್ಟಿ ಇದ್ದರೆ ರದ್ದಿಯವನಿಗೆ ಕೊಡಬೇಡಿ.