ಕೋಶವರ್ಣಮೀಮಾಂಸೆ: ಎಕ್ಸೆಲ್ಲಿನ ಡೀಫಾಲ್ಟ್ ಬಣ್ಣಗಳನ್ನು ಬದಲಿಸುವ ಶಾಸ್ತ್ರ

ಶಬ್ದಮಣಿದರ್ಪಣ ಬರೆದ ಕೇಶಿರಾಜ ಸೂತ್ರವನ್ನೂ ತಾನೇ ಕಟ್ಟಿದ, ಅದಕ್ಕೆ ವೃತ್ತಿಯನ್ನೂ ತಾನೇ ಬರೆದ. ಬರೀ ಸೂತ್ರ ಮುಂದಿನ ಪಂಡಿತರ ಕೈಗೆ ಸಿಕ್ಕರೆ ಏನಾದೀತೆಂಬ ಅಂದಾಜು ಆತನಿಗೆ ಇದ್ದಂತಿದೆ. ಸ್ಪ್ರೆಡ್‌ಶೀಟಿನ ಡೀಫಾಲ್ಟ್ ಬಣ್ಣಗಳನ್ನು ಕುರಿತ ಈ ಕಿರುಸಂಪ್ರಬಂಧದ್ದೂ ಅದೇ ಕ್ರಮ. ಇಂಥ ಘನವಾದ ವಿಷಯ ಇಷ್ಟು ವರ್ಷ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದದ್ದು ನಾಡಿನ ದುರ್ದೈವ, ಸಂಶೋಧಕನ ಭಾಗ್ಯ.

ಮೊದಲ ಸೂತ್ರ: ಗುಂಡಿಯ ಮೇಲೆ ಯಾವ ಬಣ್ಣವೋ ಲೋಕಕ್ಕೆಲ್ಲ ಅದೇ ಬಣ್ಣ.

ವೃತ್ತಿ: ಎಕ್ಸೆಲ್ ತೆರೆದೊಡನೆ ಹೋಮ್ ಪಟ್ಟಿಯಲ್ಲಿ ಒಂದು ಬಕೆಟ್, ಅದರಡಿ ಹಳದಿ ಗೆರೆ. ಪಕ್ಕದಲ್ಲಿ 'ಎ' ಅಕ್ಷರ, ಅದರಡಿ ಕೆಂಪು ಗೆರೆ. ಒಂದೇ ಕ್ಲಿಕ್ಕಿಗೆ ಒಲಿಯುವುದು ಇವೆರಡೇ. ಬೇರೆ ಬಣ್ಣ ಬೇಕೆಂದರೆ ಪಕ್ಕದ ಪುಟ್ಟ ಬಾಣ ಒತ್ತಬೇಕು, ಆರಿಸಬೇಕು, ಅಂದರೆ ಯೋಚಿಸಬೇಕು. ತಿಂಗಳ ಕೊನೆಯ ದಿನ ಸಂಜೆ ಆರೂವರೆಗೆ ಯೋಚಿಸುವವರು ಯಾರು? ಹಾಗಾಗಿ 'ಇದನ್ನು ಆಮೇಲೆ ನೋಡೋಣ' ಎನ್ನುವುದೂ ಹಳದಿ, 'ಇದು ಯಾಕೋ ತಾಳೆಯಾಗ್ತಿಲ್ಲ' ಎನ್ನುವುದೂ ಹಳದಿ, 'ಸಾಹೇಬರು ಕೇಳಿದ್ದು ಇದೇ' ಎನ್ನುವುದೂ ಹಳದಿ. ನೀವು ಹಟ ಹಿಡಿದು ತಿಳಿನೀಲಿ ಆರಿಸಿದಿರಿ ಎನ್ನಿ, ಅದರ ಆಳ್ವಿಕೆ ಎಕ್ಸೆಲ್ ಮುಚ್ಚುವ ತನಕ. ಮತ್ತೆ ತೆರೆದರೆ ಹಳದಿಗೇ ಪಟ್ಟ. ಈ ಗುಂಡಿಗಳ ಬಣ್ಣವನ್ನು ಕಾಯಂ ಆಗಿ ಬದಲಿಸುವ ಅವಕಾಶ ಆಪ್ಷನ್ಸಿನ ಯಾವ ಪುಟದಲ್ಲೂ ಇಲ್ಲ.

ಹಳದಿ, ಕೆಂಪು. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಕನ್ನಡ ಬಾವುಟದ ಬಣ್ಣಗಳೂ ಇವೇ, ಅದೂ ಇದೇ ಕ್ರಮದಲ್ಲಿ. ಎಕ್ಸೆಲ್ ಮೂಲತಃ ಕನ್ನಡದ್ದೇ ಎಂದು ಸಾಧಿಸಲು ಅಭಿಮಾನಿ ಸಂಶೋಧಕರಿಗೆ ಇಷ್ಟು ಸಾಕ್ಷ್ಯ ಧಾರಾಳವಾಯಿತು. 1985ರಲ್ಲಿ ಎಕ್ಸೆಲ್ ಮೊದಲು ಬಂದದ್ದು ಕಪ್ಪುಬಿಳುಪು ಪರದೆಯ ಮೆಕಿಂಟಾಷ್‌ಗೆ ಎಂಬುದೊಂದು ಈ ವಾದಕ್ಕೆ ತೊಡಕು. ತೊಡಕುಗಳನ್ನು ಅಡಿಟಿಪ್ಪಣಿಗೆ ತಳ್ಳುವುದು ನಮ್ಮ ಸಂಶೋಧನಾ ಪರಂಪರೆ. ಈ ಲೇಖನಕ್ಕೆ ಅಡಿಟಿಪ್ಪಣಿ ಇಲ್ಲವಾದ್ದರಿಂದ ಸದ್ಯಕ್ಕೆ ತೊಡಕೂ ಇಲ್ಲ.

ಇನ್ನು ಕಾಲನಿರ್ಣಯ. ತಾರೀಖಿಲ್ಲದ ಶಾಸನವನ್ನು ಅಕ್ಷರದ ಬಳುಕು ನೋಡಿ ಯಾವ ಶತಮಾನದ್ದೆಂದು ಹೇಳುವ ವಿದ್ಯೆ ನಮ್ಮಲ್ಲಿ ಇದ್ದೇ ಇದೆ. ಸ್ಪ್ರೆಡ್‌ಶೀಟಿಗೆ ಆ ಕೆಲಸ ಮಾಡುವುದು ಚಾರ್ಟಿನ ಕಂಬಗಳು. ಮೊದಲ ಕಂಬ ನೀಲಿಯೂ ಅಲ್ಲದ ನೇರಳೆಯೂ ಅಲ್ಲದ ಒಂದು ಮಂಕು ಬಣ್ಣ, ಎರಡನೆಯದು ಬದನೆಕಾಯಿ, ಮೂರನೆಯದು ನೀರುಮಜ್ಜಿಗೆ, ಹಿಂದೆ ಬೂದಿ ಬಳಿದ ಗೋಡೆ: ಇದು ಎಕ್ಸೆಲ್ 97ರಿಂದ 2003ರವರೆಗಿನ ಪ್ರಾಚೀನ ಕಾಲ. ನೀಲಿ, ಇಟ್ಟಿಗೆಗೆಂಪು, ಮಾಸಲು ಹಸಿರು ಕಂಡರೆ 2007ರ ನಂತರದ್ದು. ನೀಲಿಯ ಪಕ್ಕ ಕಿತ್ತಳೆ, ಅದರ ಪಕ್ಕ ಬೂದು ಬಂದರೆ 2013ರ ಈಚಿನದು. ಕಡುನೀಲಿಗೆ ಹಸಿರಿನ ಛಾಯೆ ಬಂದು, ಅಕ್ಷರ ಆಪ್ಟೋಸ್ ಆಗಿದ್ದರೆ ಅದು 2023ರಲ್ಲಿ ಪಟ್ಟಕ್ಕೆ ಬಂದ ಹೊಸ ಥೀಮ್.

ಇದನ್ನು ತಮಾಷೆ ಎಂದುಕೊಳ್ಳುವವರಿಗೆ ಪಾಕಿಸ್ತಾನದ ಉದಾಹರಣೆ ಕೊಡಬೇಕಾಗುತ್ತದೆ. 2017ರಲ್ಲಿ, ಪನಾಮಾ ಪೇಪರ್ಸ್ ತನಿಖೆಯ ವೇಳೆ, ಅಲ್ಲಿನ ಪ್ರಧಾನಿಯ ಕುಟುಂಬ ಸಲ್ಲಿಸಿದ ಪತ್ರವೊಂದರ ಮೇಲೆ 2006ರ ತಾರೀಖಿತ್ತು, ಅಕ್ಷರ ಮಾತ್ರ ಕ್ಯಾಲಿಬ್ರಿ. ಆ ಫಾಂಟ್ ಜನಸಾಮಾನ್ಯರ ಕೈಗೆ ಬಂದದ್ದು 2007ರ ಆಫೀಸ್ ಜೊತೆ. ಡೀಫಾಲ್ಟ್ ಫಾಂಟ್ ಇಷ್ಟು ಬಾಯಿಬಿಟ್ಟರೆ ಡೀಫಾಲ್ಟ್ ಬಣ್ಣ ಸುಮ್ಮನಿದ್ದೀತೆ? ಹಳೆಯ ತಾರೀಖು ಹಾಕಿ ಹೊಸ ಲೆಕ್ಕ ಬರೆಯುವವರು ಈ ಶಾಸ್ತ್ರವನ್ನು ಅಗತ್ಯವಾಗಿ ಓದಬೇಕು. ಓದದಿದ್ದರೆ ಇನ್ನೂ ಒಳ್ಳೆಯದು.

ಎರಡನೆಯ ಸೂತ್ರ: ಕಾಣುವ ಬಣ್ಣ ಮಿಥ್ಯೆ, ನಂಬರೇ ಸತ್ಯ.

ವೃತ್ತಿ: ಪ್ರಾಚೀನರ ಬಳಿ ಒಂದು ವರ್ಕ್‌ಬುಕ್ಕಿಗೆ ಇದ್ದದ್ದು 56 ಬಣ್ಣ. ಎಣಿಸಿ ನೋಡಿದರೆ ಅದರಲ್ಲೂ 10 ಪುನರಾವರ್ತನೆ. ಮತದಾರರ ಪಟ್ಟಿಯಲ್ಲಿ ಒಬ್ಬನೇ ಆಸಾಮಿ ಎರಡು ಬೂತಿನಲ್ಲಿ ಕಾಣಿಸಿಕೊಂಡ ಹಾಗೆ. ನಿಜವಾಗಿ ಬೇರೆಬೇರೆ ಇದ್ದವು 46 ಮಾತ್ರ. ಕೋಶದೊಳಗೆ ಬಣ್ಣ ಎಂಬುದೇ ಇರುತ್ತಿರಲಿಲ್ಲ, ಪಟ್ಟಿಯಲ್ಲಿ ಎಷ್ಟನೆಯದು ಎಂಬ ಸಂಖ್ಯೆ ಇರುತ್ತಿತ್ತು. ಟೂಲ್ಸ್, ಆಪ್ಷನ್ಸ್, ಕಲರ್, ಮಾಡಿಫೈ ಎಂಬ ನಾಲ್ಕು ಮೆಟ್ಟಿಲು ಹತ್ತಿ 3ನೆಯ ಮನೆಯ ಕೆಂಪನ್ನು ತೆಗೆದು ಪಾಚಿಹಸಿರು ಕೂರಿಸಿದರೆ ಆ ವರ್ಕ್‌ಬುಕ್ಕಿನ ಕೆಂಪು ಕೋಶಗಳೆಲ್ಲ ಒಂದೇ ಏಟಿಗೆ ಹಸಿರು. ನಷ್ಟದಲ್ಲಿದ್ದ ಶಾಖೆಗಳೆಲ್ಲ ಕಣ್ಣೆದುರೇ ಚೇತರಿಸಿಕೊಂಡವು. ಅದ್ವೈತವನ್ನು ಇಷ್ಟು ಅಗ್ಗವಾಗಿ ಮನಗಾಣಿಸಿದ ಸಾಫ್ಟ್‌ವೇರ್ ಇನ್ನೊಂದಿಲ್ಲ.

2007ರಲ್ಲಿ ಥೀಮ್ ಬಂತು. ಈಗ ಯಾವ ಬಣ್ಣ ಬೇಕಾದರೂ ತುಂಬಬಹುದು, ಒಟ್ಟು 1,67,77,216. ಹಾಗೆಂದು ಮೂಲದ ತತ್ತ್ವ ಬದಲಾಗಲಿಲ್ಲ. ಬಾಣ ಒತ್ತಿದಾಗ ಮೇಲೆ ಕಾಣುವ ಹತ್ತು ಸಾಲುಗಂಬಗಳು ಥೀಮಿನವು: ಗಾಢ-ತಿಳಿ ಜೋಡಿಗಳು ಎರಡು, ಆಕ್ಸೆಂಟ್ ಆರು. ಕಣ್ಣಿಗೆ ಕಾಣದ ಇನ್ನೆರಡು ಹೈಪರ್‌ಲಿಂಕಿನವು. ಎಲ್ಲಕ್ಕಿಂತ ಕೆಳಗಿನ ಒಂಟಿಸಾಲಿನ ಹತ್ತು 'ಸ್ಟ್ಯಾಂಡರ್ಡ್'. ಪೇಜ್ ಲೇಔಟಿಗೆ ಹೋಗಿ, ಕಲರ್ಸ್ ಒತ್ತಿ, ಕಸ್ಟಮೈಸ್ ಕಲರ್ಸ್‌ನಲ್ಲಿ ನಿಮ್ಮ ಆರು ಆಕ್ಸೆಂಟ್ ಇಟ್ಟುಕೊಂಡರೆ ಮೇಲಿನವು ಒಟ್ಟಿಗೆ ವೇಷ ಬದಲಿಸುತ್ತವೆ. ಕೆಳಗಿನ ಹತ್ತು ಜಪ್ಪಯ್ಯ ಎಂದರೂ ಕದಲವು. ಕಂಪನಿ ಲೋಗೋ ಬದಲಾದ ವಾರ ಇಡೀ ಆಫೀಸಿನ ಫೈಲುಗಳಿಗೆ ಮತ್ತೆ ಬಣ್ಣ ಬಳಿಯುತ್ತ ಕೂತವರು ಯಾರೆಂದು ವಿಚಾರಿಸಿ ನೋಡಿ: ಅಷ್ಟೂ ಜನ ಕೆಳಸಾಲಿನ ಭಕ್ತರು.

ಕಸ್ಟಮೈಸ್ ಮಾಡಿದ್ದು ಆ ಒಂದು ವರ್ಕ್‌ಬುಕ್ಕಿಗೆ ಮಾತ್ರ ಎಂಬುದು ಸಾಧಕನಿಗೆ ಮಾರನೆಯ ದಿನ ಬೆಳಿಗ್ಗೆ ಗೊತ್ತಾಗುತ್ತದೆ. ಪ್ರತಿ ಹೊಸ ಹಾಳೆಗೂ ಅದೇ ಬಣ್ಣ ಬೇಕೆಂದರೆ ಖಾಲಿ ವರ್ಕ್‌ಬುಕ್ ಒಂದನ್ನು ಸಿದ್ಧಗೊಳಿಸಿ, ಟೆಂಪ್ಲೇಟ್ ರೂಪದಲ್ಲಿ, 'ಬುಕ್' ಎಂಬ ಹೆಸರಿನಲ್ಲೇ, ಎಕ್ಸ್‌ಎಲ್‌ಸ್ಟಾರ್ಟ್ ಎಂಬ ಫೋಲ್ಡರಿನಲ್ಲಿ ಇಡಬೇಕು. ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೆ ಫಲವಿಲ್ಲ. ಮಂತ್ರಶಾಸ್ತ್ರದವರು ಹೇಳುವುದೂ ಇದನ್ನೇ. ಇಷ್ಟಾದರೂ ಕಂಟ್ರೋಲ್-ಎನ್ ಒತ್ತಿದವನಿಗೆ ಮಾತ್ರ ದರ್ಶನ. ಸ್ಟಾರ್ಟ್ ಸ್ಕ್ರೀನಿನ 'ಬ್ಲ್ಯಾಂಕ್ ವರ್ಕ್‌ಬುಕ್' ಚಿತ್ರ ಒತ್ತಿದವನಿಗೆ ಹಳೆಯ ಬಣ್ಣಗಳೇ ಗತಿ. ಲಿಬ್ರೆಆಫೀಸ್ ಪಂಥದವರು ಇಲ್ಲಿ ನಗುತ್ತಾರೆ. ಅವರಿಗೆ ಚಾರ್ಟಿನ ಡೀಫಾಲ್ಟ್ ಬಣ್ಣಗಳಿಗೆಂದೇ ಆಪ್ಷನ್ಸಿನಲ್ಲಿ ಒಂದು ಪುಟವಿದೆ. ನಗಲಿ.

ಮೂರನೆಯ ಸೂತ್ರ: ಬಳಿದವನಿಗೆ ಅರ್ಥ, ಯಂತ್ರಕ್ಕೆ ವ್ಯರ್ಥ.

ವೃತ್ತಿ: 'ಹಳದಿ ಮಾಡಿರೋದು ಮಾತ್ರ ಟೋಟಲ್ ಹಾಕಿ ಕಳಿಸ್ರಿ' ಎನ್ನುವ ಫೋನ್ ಬಾರದ ಆಫೀಸಿಲ್ಲ. ನೂರಾರು ಫಂಕ್ಷನ್ ಇಟ್ಟುಕೊಂಡ ಎಕ್ಸೆಲ್ಲಿನಲ್ಲಿ ಕೋಶದ ಬಣ್ಣ ನೋಡಿ ಕೂಡುವ ಫಂಕ್ಷನ್ ಒಂದೂ ಇಲ್ಲ. ಬಣ್ಣದ ಮೇಲೆ ಫಿಲ್ಟರ್ ಹಾಕಿ ಸಬ್‌ಟೋಟಲ್ ಕೊಡುವುದು ಗೃಹಸ್ಥರ ದಾರಿ. ಗೆಟ್.ಸೆಲ್ ಎಂಬ ಹಳೇ ಮ್ಯಾಕ್ರೋ ಮಂತ್ರವನ್ನು 63 ಸಂಖ್ಯೆಯೊಂದಿಗೆ ಜಪಿಸುವುದು ಅಘೋರಿಗಳ ದಾರಿ. ಅದೂ ನೀವು ಬಣ್ಣ ಬದಲಿಸಿದ್ದನ್ನು ತಾನಾಗಿ ಗಮನಿಸುವುದಿಲ್ಲ, ಮರುಲೆಕ್ಕಕ್ಕೆ ತಟ್ಟಿ ಎಬ್ಬಿಸಬೇಕು. ಆದ್ದರಿಂದ ಹಳದಿ ಬಳಿಯುವ ಬದಲು ಪಕ್ಕದ ಕಾಲಮ್ಮಿನಲ್ಲಿ 'ಬಾಕಿ' ಎಂದು ಬರೆಯುವುದು ಮೇಲೆಂದು ಪೂರ್ವಪಕ್ಷ. ಸಿದ್ಧಾಂತವೂ ಅದೇ. ಆದರೆ ಇದನ್ನು ಕೇಳಿ ಬಕೆಟ್ ಕೆಳಗಿಟ್ಟವರನ್ನು ನಾವು ಕಂಡಿಲ್ಲ.

56 ಬಣ್ಣಗಳ ಆ ಸಾಮ್ರಾಜ್ಯ 2007ಕ್ಕೆ ಅಳಿಯಿತೆಂದು ಪಠ್ಯಪುಸ್ತಕದವರು ಬರೆದಾರು. ಅಳಿದಿಲ್ಲ. ನಂಬರ್ ಫಾರ್ಮ್ಯಾಟಿನಲ್ಲಿ ಇಂದಿಗೂ ಹೆಸರು ಹಿಡಿದು ಕರೆಯಬಹುದಾದ ಬಣ್ಣ ಎಂಟೇ. 'ಗ್ರೀನ್' ಎಂದು ಬರೆದರೆ ಬಿಳಿ ಹಾಳೆಯ ಮೇಲೆ ಓದಲಾಗದ, ಕಣ್ಣು ಕುಕ್ಕುವ ಹಸಿರು ಬರುತ್ತದೆ. ಲಾಭದ ಅಂಕಿ ಓದಬೇಕು ಎನ್ನುವವರು 'ಕಲರ್10' ಎಂದು ಹಳೇ ಪಟ್ಟಿಯ ನಂಬರಿನಿಂದಲೇ ಕೂಗಬೇಕು, ಆಗ ಕಡುಹಸಿರು ಓಗೊಡುತ್ತದೆ. ಇಷ್ಟಕ್ಕೂ ನಂಬದವರು ವಿಂಡೋಸ್ ಎಕ್ಸೆಲ್ಲಿನಲ್ಲಿ ಫೈಲ್, ಆಪ್ಷನ್ಸ್, ಸೇವ್ ಎಂದು ಹೋಗಿ, ಯಾರೂ ಇಳಿಯದ ಆ ಪುಟದ ತಳಕ್ಕೆ ಇಳಿಯಿರಿ. 'ಕಲರ್ಸ್' ಎಂದೊಂದು ಗುಂಡಿಯಿದೆ. ಒತ್ತಿದರೆ 56 ಮನೆಗಳೂ ತೆರೆದುಕೊಳ್ಳುತ್ತವೆ. ನೋಡಿದ ಮೇಲೆ ಕ್ಯಾನ್ಸಲ್ ಒತ್ತಿ ಬನ್ನಿ, ಓಕೆ ಒತ್ತಬೇಡಿ.