ಅಧ್ಯಕ್ಷರ ಯಜಮಾನರು

ಜಗಲಿ ಮೇಲೆ ಫೈಲು ಹರಡಿಕೊಂಡು ಕೂತಿದ್ದ ಭಾವನನ್ನು ಬೆಂಗಳೂರಿಂದ ಬಂದ ಬಾಮೈದ ಕೆಣಕಿದ.

"ಭಾವ, ಪಂಚಾಯ್ತಿ ಅಧ್ಯಕ್ಷೆ ಅಕ್ಕ ಅಲ್ವಾ? ಸೀಲು ನಿಮ್ಮ ಜೇಬಲ್ಲಿದೆ!"

"ಹೆಂಗಸರಿಗೆ ಶೇ. 50 ಮೀಸಲಾತಿ ಕಣಯ್ಯ. ಸಹಿ ಅವಳದು, ಉಳಿದ 50 ನಂದು."

"ಗ್ರಾಮಸಭೆ ಮಾಡಿದ್ರಾ?"

"ಓಹೋ, ಪುಸ್ತಕದಲ್ಲಿ ಭರ್ಜರಿಯಾಗಿ ನಡೀತು. ತೀರಿಕೊಂಡವರಿಬ್ಬರೂ ಬಂದು ಹೆಬ್ಬೆಟ್ಟು ಒತ್ತಿದ್ರು. ಊರಭಿಮಾನ ಅಂದ್ರೆ ಅದು!"

"ನರೇಗಾದಲ್ಲಿ ಕೆರೆ ಹೂಳು ತೆಗೆಸಿದ್ರಂತೆ?"

"ರಾತ್ರಿ ಜೆಸಿಬಿ ತೆಗೀತು. ಬೆಳಿಗ್ಗೆ ಜನ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಹೊಸ ಮಂಕರಿ ತಲೆ ಮೇಲಿಟ್ಟು ಫೋಟೊಗೆ ನಿಂತ್ರು. ಮಂಕರೀಲಿ ಬೆಲೆಚೀಟಿ ಹಂಗೇ ಇತ್ತು."

"ಥೂ, ನಾಚಿಕೆ ಆಗಲ್ವಾ?"

"ನಿಮ್ದೇನಯ್ಯ ಹೆಚ್ಚುಗಾರಿಕೆ? 2020ರ ಸೆಪ್ಟೆಂಬರಲ್ಲಿ ಪಾಲಿಕೆ ಸದಸ್ಯರೆಲ್ಲ ಮನೆಗೆ ಹೋದ್ರು. ಐದು ವರ್ಷ ಚುನಾವಣೇನೇ ಇಲ್ಲ. ಕಡೆಗೆ ಪಾಲಿಕೆಯನ್ನೇ ಒಡೆದು ಐದು ಮಾಡಿದ್ರು! ನಮ್ಮಲ್ಲಿ ಅಧ್ಯಕ್ಷರಿಗೊಬ್ಬ ಗಂಡನಾದ್ರೂ ಇದಾನೆ. ನಿಮ್ಮ ರಸ್ತೆ ಗುಂಡಿಗೆ ಯಾರಿದ್ರು?"

ಬಾಮೈದ ಕಾಫಿ ಲೋಟದೊಳಗೆ ಉತ್ತರ ಹುಡುಕತೊಡಗಿದ.

ಒಳಗಿಂದ ಅಕ್ಕನ ದನಿ: "ರೀ, ಪಿಡಿಒ ಫೋನು. ಇವತ್ತು ನಾನು ಏನೇನಕ್ಕೆ ಒಪ್ಪಿಕೊಂಡಿದೀನಂತೆ?"