ನಕ್ಷತ್ರವಿನ್ಯಾಸ ಮೀಮಾಂಸೆ: ಆರ್ಗ್ ಮೋಡ್ ಸಂಪ್ರದಾಯದ ಟಿಪ್ಪಣಿಶಾಸ್ತ್ರ

ಮೊದಲು ವಿನ್ಯಾಸ, ವಿನ್ಯಾಸ ಮುಗಿದು ವೇಳೆ ಉಳಿದರೆ ಟಿಪ್ಪಣಿ. ಇದು ಈ ಶಾಸ್ತ್ರದ ಪ್ರಥಮ ಸೂತ್ರ. ವೇಳೆ ಉಳಿದ ಉದಾಹರಣೆ ಪರಂಪರೆಯಲ್ಲಿ ಸಿಕ್ಕದ ಕಾರಣ ಸೂತ್ರದ ಉತ್ತರಾರ್ಧಕ್ಕೆ ಯಾರೂ ಭಾಷ್ಯ ಬರೆದಿಲ್ಲ.

ಸಂಪ್ರದಾಯದ ಮೂಲಪುರುಷರು ಕಾರ್ಸ್ಟೆನ್ ಡೊಮಿನಿಕ್. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದೊಳಗೆ 2003ರಲ್ಲಿ ಆರ್ಗ್ ಮೋಡ್ ಎಂಬ ಟಿಪ್ಪಣಿ ವ್ಯವಸ್ಥೆಯನ್ನು ಧರೆಗಿಳಿಸಿದವರು. ವೃತ್ತಿಯಿಂದ ಖಗೋಳವಿಜ್ಞಾನಿ. ಇಲ್ಲಿ ಪ್ರತಿ ಶೀರ್ಷಿಕೆಯೂ ನಕ್ಷತ್ರ ಚಿಹ್ನೆಯಿಂದ ಆರಂಭವಾಗುವುದಕ್ಕೆ ಇದೇ ಕಾರಣವೆಂದು ಶ್ರದ್ಧಾಳುಗಳು ಹೇಳಬಹುದು. ಈಮ್ಯಾಕ್ಸಿನ ಹಳೆಯ ಔಟ್‌ಲೈನ್ ಮೋಡಿನಲ್ಲೇ ಆ ನಕ್ಷತ್ರಗಳಿದ್ದವು ಎಂಬ ಚಾರಿತ್ರಿಕ ಸತ್ಯವನ್ನು ಅವರ ಮುಂದೆ ಎತ್ತದಿರುವುದು ಸಭಾಮರ್ಯಾದೆ.

ಒಂದು ನಕ್ಷತ್ರವೆಂದರೆ ಅಧ್ಯಾಯ, ಎರಡಾದರೆ ಉಪಾಧ್ಯಾಯ, ಮೂರಾದರೆ ಅದರೊಳಗಿನ ಒಳಮನೆ. ಸಾಲಿನ ಎಡತುದಿಗಂಟಿಯೇ ಬರೆಯಬೇಕು, ಬಳಿಕ ಒಂದು ಖಾಲಿ ಜಾಗ ಬಿಡಬೇಕು. ಬಿಡದಿದ್ದರೆ ಶೀರ್ಷಿಕೆತ್ವ ಸಿದ್ಧಿಸದು. ಇದರ ಲೌಕಿಕ ಪ್ರಯೋಗ ಹೀಗೆ: 'ದಿನಸಿ'ಗೆ ಒಂದು ನಕ್ಷತ್ರ, ಅದರಡಿ 'ಬೇಳೆ'ಗೆ ಎರಡು, 'ತೊಗರಿ'ಗೆ ಮೂರು, 'ಅರ್ಧ ಕೆಜಿ'ಗೆ ನಾಲ್ಕು. ತೂಕವು ಶೀರ್ಷಿಕೆಯೋ ಬರಿಯ ಪಟ್ಟಿಯ ಅಂಶವೋ ಎಂಬ ವಾದ ಮುಗಿಯುವಷ್ಟರಲ್ಲಿ ಅಂಗಡಿ ಬಾಗಿಲು ಹಾಕಿರುತ್ತದೆ. ಶಾಸ್ತ್ರಕ್ಕೆ ಇದರಿಂದ ಬಾಧೆಯಿಲ್ಲ, ಸಾರಿಗೆ ಮಾತ್ರ ಬಾಧೆ.

ಟ್ಯಾಬ್ ಕೀಲಿ ಒತ್ತಿದಂತೆಲ್ಲ ಶೀರ್ಷಿಕೆಗೆ ಮೂರು ಅವಸ್ಥೆಗಳು ಪ್ರಾಪ್ತವಾಗುತ್ತವೆ. ಎಲ್ಲವೂ ತೆರೆದಿರುವುದು ಜಾಗ್ರತ್. ಉಪಶೀರ್ಷಿಕೆಗಳೆಂಬ ಮಕ್ಕಳ ಹೆಸರಷ್ಟೇ ಕಾಣುವುದು ಸ್ವಪ್ನ. ಪೂರ್ತಿ ಮಡಚಿಕೊಂಡು ಕೊನೆಗೆ ಮೂರು ಚುಕ್ಕಿ ಮಾತ್ರ ಉಳಿಯುವುದು ಸುಷುಪ್ತಿ. ಬಾಕಿ ಕೆಲಸಗಳನ್ನೆಲ್ಲ ಸುಷುಪ್ತಿಗೆ ಕಳಿಸಿದ ಸಾಧಕನ ಮುಖದಲ್ಲಿ ಮೂಡುವ ಶಾಂತಿ ವರ್ಣನಾತೀತ. ಕಡತವನ್ನು ಯಾವ ಫೋಲ್ಡರಿನಲ್ಲಿ ಇಟ್ಟೆನೆಂಬುದೇ ಮರೆತುಹೋಗುವ ಸ್ಥಿತಿಯನ್ನು ತುರೀಯವೆನ್ನಬಹುದು.

ಪೂರ್ವಪಕ್ಷ: ಇದನ್ನೆಲ್ಲ ಒಂದು ಚೀಟಿಯಲ್ಲಿ ಪೆನ್ನಿನಿಂದ ಬರೆದರಾಗದೆ? ಆಗದು. ಚೀಟಿಯಲ್ಲಿ ಬರೆದರೆ ಬರೆದದ್ದನ್ನು ಮಾಡಬೇಕಾಗುತ್ತದೆ.

ಇನ್ನುಳಿದದ್ದು ಕನ್ನಡಿಗರಿಗೇ ಮೀಸಲಾದ ಕಂಟಕ. ಪದವೊಂದರ ಎರಡೂ ಕಡೆ ನಕ್ಷತ್ರ ಹಚ್ಚಿದರೆ ಅದು ದಪ್ಪಕ್ಷರವಾಗಬೇಕೆಂಬುದು ವಿಧಿ. ಆದರೆ ಮುಚ್ಚುವ ನಕ್ಷತ್ರದ ಬೆನ್ನಿಗೆ ಖಾಲಿ ಜಾಗವೋ ಅಲ್ಪವಿರಾಮದಂಥ ಚಿಹ್ನೆಯೋ ಇರಲೇಬೇಕು; ಅಕ್ಷರ ಬಂದರೆ ವಿಧಿ ಭಂಗ. ಇಂಗ್ಲಿಷಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ, ಅಲ್ಲಿ 'ಇನ್' ಎಂಬುದು ಬೇರೆಯೇ ನಿಲ್ಲುತ್ತದೆ. ನಮ್ಮ ಸಪ್ತಮೀ ವಿಭಕ್ತಿಯ 'ಅಲ್ಲಿ'ಯೋ ನಾಮಪದಕ್ಕೆ ಅಂಟಿಕೊಂಡೇ ಬರುತ್ತದೆ. 'ಅಂಗಡಿ'ಯನ್ನು ನಕ್ಷತ್ರಗಳ ನಡುವೆ ಇಟ್ಟು 'ಯಲ್ಲಿ' ಎಂದು ಹೊರಗೆ ಬರೆದಿರೋ, ಅಂಗಡಿ ತೆಳ್ಳಗೇ ಉಳಿದು ನಕ್ಷತ್ರಗಳೆರಡೂ ಬಯಲಿನಲ್ಲಿ ನಿಲ್ಲುತ್ತವೆ. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ರಚಿಸಿದ ಕೇಶಿರಾಜನು ಸಂಧಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನಾದರೂ ನಕ್ಷತ್ರಸಂಧಿಯನ್ನು ಕಾಣಲಿಲ್ಲ. ನಡುವೆ ಶೂನ್ಯ ಅಗಲದ ಖಾಲಿ ಜಾಗ ತುರುಕಬಹುದೆಂದು ಆರ್ಗ್ ಕೈಪಿಡಿಯೇ ಉಪಾಯ ಹೇಳುತ್ತದೆ. ಕಣ್ಣಿಗೆ ಕಾಣದ್ದನ್ನು ಆಮೇಲೆ ಹುಡುಕಿ ಅಳಿಸುವವರಾರು? ಆದ್ದರಿಂದ ನಮ್ಮ ತೀರ್ಪು: ಪ್ರತ್ಯಯವನ್ನೂ ನಕ್ಷತ್ರದೊಳಗೇ ಸೇರಿಸಿ ಇಡೀ ಪದವನ್ನು ದಪ್ಪ ಮಾಡಿ. ವ್ಯಾಕರಣಕ್ಕೂ ಮುನಿಸಿಲ್ಲ, ಯಂತ್ರಕ್ಕೂ ತಕರಾರಿಲ್ಲ.